ಮೇಯರರ ಅರ್ಧ ತಲೆ

ಚುನಾವಣೆ ಬಂತೆಂದರೆ ಸಾನ್ ರೋಕೆ ಊರಿನ ಬ್ಯೂಟಿ ಪಾರ್ಲರ್‌ಗಳಲ್ಲಿ ಕಚ್ಚಾಟ ಶುರು. ಹೆಣ್ಣಾಗಿ ಬಾಳುವ ಪಾರ್ಲರಿನವರು ಊರಹಬ್ಬದಲ್ಲಿ ನಡೆಸುವ ಮಿಸ್ ಗೇ ಸ್ಪರ್ಧೆಗೆ ಕಿರೀಟ ಕೊಡಿಸಿದವರ ಪಕ್ಷದ ಪ್ರಚಾರಕ್ಕೆ ಒಂದು ಗುಂಪು ಕುಣಿದರೆ, ಧ್ವನಿವರ್ಧಕ ಕೊಡಿಸಿದವರ ಪಕ್ಷಕ್ಕೆ ಇನ್ನೊಂದು. ಕುಣಿದು ಕುಣಿದು ಹಿಮ್ಮಡಿ ಸವೆದದ್ದೇ ಲಾಭ. ಗೆದ್ದವರು ಇವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಈ ಸಲ ಅದೆಲ್ಲಿಂದ ಬುದ್ಧಿ ಬಂತೋ, ಪಾರ್ಲರಿನವರೆಲ್ಲ ಒಂದಾಗಿ ಪಟ್ಟು ಹಿಡಿದರು: ಕೌನ್ಸಿಲ್ಲಿಗೆ ನಮ್ಮವರೊಬ್ಬರಿಗೆ ಟಿಕೆಟ್ ಕೊಡುವ ಪಕ್ಷಕ್ಕೇ ನಮ್ಮ ಕುಣಿತ, ನಮ್ಮ ಓಟು. ಆ ಒಬ್ಬಳು ಫ್ಲೋರಿಂಡಾ ಎಂದೂ ಆಯಿತು. ಹೆತ್ತವರಿಟ್ಟ ಹೆಸರು ಫ್ಲೊರೆನ್ಸಿಯೊ. ಹಾಗೆ ಕರೆದ ಗಿರಾಕಿಗಳ ಹುಬ್ಬು ಅವಳ ಕೈಯಲ್ಲಿ ವಾರೆಯಾಗುತ್ತಿತ್ತು.

ಪ್ರಚಾರಸಭೆಯ ಸಂಜೆ ಮೇಯರ್ ಎವರಿಸ್ತೊ ಎಂದಿನಂತೆ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಫ್ಲೋರಿಂಡಾಳ ಪಾರ್ಲರಿಗೆ ಬಂದು ಕೂತರು. ಎಡಭಾಗ ಮುಗಿಯುತ್ತಲೇ ಫ್ಲೋರಿಂಡಾ ಬ್ರಷ್ ಕೆಳಗಿಟ್ಟು ಟಿಕೆಟ್ ಕೇಳಿದಳು. ಪಟ್ಟಿಯ ಕೊನೆಯ ಜಾಗ ಭಾವಮೈದನಿಗೆ ಹೋಗಿದೆ, ಮುಂದಿನ ಸಲ ನೋಡೋಣ ಎಂದರು ಮೇಯರರು. ಆಕೆ ತನ್ನ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ ಕೂತಳು. ಸಭೆಯ ಚೌಕದಲ್ಲಿ ಬ್ಯಾಂಡಿನವರು ಮೇಯರರನ್ನು ಕಾಯುತ್ತ ಅದೇ ಹಾಡನ್ನು ಮತ್ತೆ ಮತ್ತೆ ಬಾರಿಸತೊಡಗಿದರು. ಕನ್ನಡಿಯಲ್ಲಿ ಎಡಕ್ಕೊಬ್ಬ ಮದುಮಗ, ಬಲಕ್ಕೊಬ್ಬ ಮುದುಕ. ಮೇಯರರು ಫೋನೆತ್ತಿ ಭಾವಮೈದನಿಗೆ ಕೈಕೊಟ್ಟರು.

"ಟಿಕೆಟ್ ನಿಂದೇ ಮಾರಾಯ್ತಿ. ಆದ್ರೆ ಪೋಸ್ಟರಿಗೆ ಕೂದ್ಲು ಕತ್ತರಿಸ್ಕೊ, ಗಂಡಸ್ರ ಅಂಗಿ ಹಾಕ್ಕೊ. ಫ್ಲೊರೆನ್ಸಿಯೊ ಅಂತ್ಲೇ ಇರ್ಲಿ. ಗೆದ್ಮೇಲೆ ಏನ್ ಬೇಕಾದ್ರೂ ಉಟ್ಕೊ."

ಆ ಟಿಕೆಟ್ಟಿಗಾಗಿ ಜೀವ ಬಿಡುವಷ್ಟು ಆಸೆ ಇತ್ತು ಫ್ಲೋರಿಂಡಾಗೆ. ಆದರೂ ಮೇಯರರ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದಳು.

"ಏಳಿ ಮೇಯರ್ರೇ. ಅರ್ಧ ಫ್ಲೋರಿಂಡಾ ಸಾಕು ಅಂದ್ರಲ್ಲ, ನಿಮ್ಗೂ ಅರ್ಧ ತಲೆ ಸಾಕು."

ಮೇಯರರು ಸಿಟ್ಟಿನಿಂದ ಬಾಗಿಲವರೆಗೆ ಹೋದರು. ಹೊರಗೆ ಸುಟ್ಟ ಜೋಳ ಮಾರುವವಳು ಅವರ ತಲೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಮೇಯರರು ವಾಪಸು ಬಂದು ಕೂತರು.

"ಫ್ಲೋರಿಂಡಾ ಅಂತ್ಲೇ ಹಾಕಿಸ್ತೀನಿ. ಉದ್ದ ಕೂದ್ಲೇ ಇರ್ಲಿ."

"ಓಲೆ?"

"ಓಲೇನೂ ಇರ್ಲಿ ಕಣಮ್ಮ, ಬೇಗ ಬಳಿ."

ಅವಳು ಬ್ರಷ್ ಎತ್ತಿಕೊಂಡಳು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಚರ್ಮಕ್ಕೂ ಬಣ್ಣ ತಾಗಿಸದ ಕೈ ಇವತ್ತು ಸಂತೋಷಕ್ಕೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಮೇಯರರು ವೇದಿಕೆಯ ಮೇಲೆ ಎಲ್ಲ ಅಭ್ಯರ್ಥಿಗಳ ಹೆಸರುಗಳನ್ನೂ ಓದಿ, ಕೊನೆಗೆ ಫ್ಲೋರಿಂಡಾ ಎಂದು ಗಟ್ಟಿಯಾಗಿ ಕೂಗಿದರು. ಪಾರ್ಲರಿನವರ ಕೇಕೆ ಮುಗಿಲು ಮುಟ್ಟಿತು. ಮೇಯರರು ಗಂಭೀರವಾಗಿ ತಲೆ ಬಾಗಿಸಿ ವಂದಿಸಿದರು. ಅವರ ಬಲಗಿವಿ ಪೂರ್ತಿ ಕಪ್ಪಾಗಿತ್ತು.