ಉಪ್ಪಿನ ಚೀಲದೊಳಗಿನ ಗೊಬ್ಬರ

ಮಾನ್ವಿ ಸಂತೆಯಲ್ಲಿ ಕಲ್ಲುಪ್ಪು ಕಿಲೋಗೆ ಹನ್ನೆರಡು ರೂಪಾಯಿ. ಬೂದೆಮ್ಮನ ಕುರಿಮಂದೆಗೆ ನೆಕ್ಕಿಸಲು ಹತ್ತು ಕಿಲೋ ಸಾಕು. ನೂರಿಪ್ಪತ್ತು ರೂಪಾಯಿ ಕೊಟ್ಟಿದ್ದರೆ ಮುಗಿಯುತ್ತಿತ್ತು.

ಗಂಡ ಸಾಬಣ್ಣ ಕೊಡಲು ಬಿಡಲಿಲ್ಲ. ಕುರ್ಡಿ ಊರಿನ ಪರಮಣ್ಣನ ಗದ್ದೆಯಲ್ಲಿ ಅವರು ರಾತ್ರಿ ಕುರಿ ತಂಗಿಸಿ ತರುಬಿದ್ದರು. ಹಿಕ್ಕೆಯ ಗೊಬ್ಬರ ಸಿಕ್ಕಿದ್ದಕ್ಕೆ ಗದ್ದೆಯವರು ಜೋಳ, ಉಪ್ಪು ಕೊಡುವುದು ವಾಡಿಕೆ. ಪರಮಣ್ಣ ಜೋಳ ಅಳೆದುಕೊಟ್ಟು, "ಮೂಲ್ಯಾಗ ಉಪ್ಪಿನ ಚೀಲ ಅದ, ಒಯ್ಕೊ" ಅಂದಿದ್ದ.

ಉಪ್ಪು ಮಾರುವ ಯಾಸ್ಮೀನ್ ಬೂದೆಮ್ಮನ ಹಳೆಯ ಗೆಳತಿ. ಅವಳ ಗಂಡನದು ಕುರಿ ಚರ್ಮದ ವ್ಯಾಪಾರ.

"ಚೀಲದ ಬಾಯಿ ಹೊಲಿದಿತ್ತೇನ್ರಿ ಸಾಬಣ್ಣ?" ಪರಮಣ್ಣ ಉಪ್ಪು ಕೊಟ್ಟ ಸುದ್ದಿ ತಿಳಿದು ಯಾಸ್ಮೀನ್ ಕೇಳಿದಳು.

"ಬಿಚ್ಚಿತ್ತು. ಯಾಕಕ್ಕ, ಉಪ್ಪಿಗೂ ಜಾತಕ ನೋಡ್ತಿಯೇನು?"

"ನೋಡಬೇಕಾಗ್ತದ. ನನ್ನ ಅಂಗಡ್ಯಾಗ ಬೆಳ್ಳಗಿರೋದು ಎಷ್ಟ್ ನಮೂನಿ ಅದಾವ ನೋಡ್ರಿ. ಇದು ಅಡಗಿ ಉಪ್ಪು. ಇದು ಪಟಕ, ನೀರು ತಿಳಿ ಮಾಡಾಕ. ಇದು ಸೋಡಾ, ಅರಬಿ ಒಗ್ಯಾಕ. ಚರ್ಮದ ಉಪ್ಪು ಬ್ಯಾರೆ, ಹುಳ ಬೀಳಬಾರದಂತ ಅದ್ರಾಗ ಏನೇನೋ ಕೂಡಿಸಿರ್ತಾರ. ಗದ್ದಿಗೆ ಹಾಕೋ ಗೊಬ್ಬರಾನೂ ಉಪ್ಪಿನಂಗ ಕಾಣ್ತದ. ಎಲ್ಲಾ ಬೇಕಾದವೇ. ಆದ್ರ ಒಂದ್ರ ಕೆಲಸಕ್ಕ ಇನ್ನೊಂದು ಬರಂಗಿಲ್ಲ. ತಂದು ತೋರಿಸ್ರಿ."

"ನಮ್ಮಪ್ಪ ನಾಲಿಗಿ ಮ್ಯಾಲ ಇಟ್ಟು ನೋಡ್ತಿದ್ದ. ನಾನೂ ನೋಡೀನಿ, ಉಪ್ಪೇ ಅದ. ನಿನಗ ನಿನ್ನ ವ್ಯಾಪಾರದ ಚಿಂತಿ."

ಗೆಳತಿಗೆ ಗಂಡ ಆಡಿದ ಮಾತಿಗೆ ಬೂದೆಮ್ಮನಿಗೆ ನಾಚಿಕೆಯಾಯಿತು. ಚೀಲದ ಮೇಲೆ ಅವಳಿಗೂ ಅನುಮಾನ ಬಂತು. ಮಂದೆಯ ಕುರಿಗಳು ಅವಳ ತವರಿನಿಂದ ಬಂದವು. ಮನೆ ನಡೆಯುವುದೇ ಅವುಗಳಿಂದ. ಆದರೂ ಸಂತೆಯಲ್ಲಿ ಗಂಡನಿಗೆ ಎದುರಾಡಲಾರದೆ ಸುಮ್ಮನೆ ಅವನ ಹಿಂದೆ ನಡೆದಳು.

ಸಂಜೆ ಸಾಬಣ್ಣ ಆ ಚೀಲದಿಂದ ಬಂಡೆಯ ಮೇಲೆ ಸುರಿದ ಹರಳನ್ನು ಕುರಿಗಳು ಮುಗಿಬಿದ್ದು ನೆಕ್ಕಿದವು. ಸ್ವಲ್ಪ ಹೊತ್ತಿಗೆ ಒಂದು ಗಬ್ಬದ ಕುರಿ ನಡುಗತೊಡಗಿತು. ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು ಬಿತ್ತು. ಅದರ ಹಿಂದೆ ಮತ್ತೊಂದು. ಸಾಬಣ್ಣ ದೃಷ್ಟಿಯಾಯಿತೆಂದು ದೇವರ ಭಂಡಾರದ ಅರಿಶಿನ ಹಚ್ಚುತ್ತಾ ಹೊತ್ತು ಕಳೆದ. ಪಶು ಡಾಕ್ಟರು ಬರುವಷ್ಟರಲ್ಲಿ, ಉಪ್ಪಿನಾಸೆಗೆ ಹೆಚ್ಚು ನೆಕ್ಕಿದ ಗಬ್ಬದ ಕುರಿಗಳೆಲ್ಲ ಸತ್ತಿದ್ದವು.

ಮರುದಿನ ಯಾಸ್ಮೀನ್ ಬಂದಳು. ಎಲೆ ಅಡಿಕೆಯ ಸುಣ್ಣ ಇಸಿದುಕೊಂಡು, ಒಂದು ಎಲೆಯ ಮೇಲೆ ಆ ಹರಳಿನ ಜೊತೆ ತಿಕ್ಕಿ ಸಾಬಣ್ಣನ ಮೂಗಿನ ಹತ್ತಿರ ಹಿಡಿದಳು. ಘಾಟಿಗೆ ಅವನ ಕಣ್ಣಲ್ಲಿ ನೀರು ಬಂತು.

"ಇದು ಅಮೋನಿಯಂ ಗೊಬ್ಬರ. ಇದೂ ನಾಲಿಗಿಗೆ ಉಪ್ಪೇ ಹತ್ತತದ. ಹಂಗಂತ ಸುಣ್ಣಾನೂ ನಂಬಬ್ಯಾಡ್ರಿ, ಎಲ್ಲಾ ಗೊಬ್ಬರ ಹಿಂಗ ನಾರಂಗಿಲ್ಲ. ಗುರ್ತಿಲ್ಲದ್ದು ಹಾಕಬಾರದು, ಅಷ್ಟ."

ಸುದ್ದಿ ತಿಳಿದು ಬಂದ ಪರಮಣ್ಣ ತಲೆ ತಗ್ಗಿಸಿ ನಿಂತ. "ಗೊಬ್ಬರದ ಚೀಲ ಹರದಿತ್ತು, ಖಾಲಿ ಉಪ್ಪಿನ ಚೀಲಕ್ಕ ಸುರುವಿದ್ದೆ. ಮರ್ತುಬಿಟ್ಟೆ."

"ನೀ ಮರ್ತಿ, ಇಂವ ನೆಕ್ಕಿ ನೋಡಿದ, ನಾ ಬಾಯಿ ಮುಚ್ಕೊಂಡು ಬಂದೆ" ಎಂದಳು ಬೂದೆಮ್ಮ. "ಸತ್ತಿದ್ದು ಕುರಿ."



ಅಣ್ಣಂದಿರೇ, ಅಕ್ಕಂದಿರೇ, ಗೊಬ್ಬರ ಅದರದೇ ಚೀಲದಲ್ಲಿರಲಿ. ಉಪ್ಪಿನ, ಹಿಟ್ಟಿನ ಚೀಲಕ್ಕೆ ಸುರಿಯಬೇಡಿ. ಗುರುತಿಲ್ಲದ ಬಿಳಿ ಹರಳನ್ನು ನಾಲಿಗೆಗೆ ಇಡಬೇಡಿ, ದನಕುರಿಗೆ ಹಾಕಬೇಡಿ. ತಿಂದು ನಡುಗಿದರೆ ಕಾಯುತ್ತಾ ಕೂರದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ತಿಂದದ್ದೇನೆಂದು ಡಾಕ್ಟರಿಗೆ ತೋರಿಸಿ. ಮನೆಯ ಹೆಂಗಸಿಗೆ ಅನುಮಾನ ಬಂದರೆ ಅವಳ ಮಾತು ಕೇಳಿ.

ಸಾಬಣ್ಣ ಈಗ ಕೇಳಿ ತಿಳಿಯದೆ ಏನನ್ನೂ ಕುರಿಯ ಮುಂದೆ ಸುರಿಯುವುದಿಲ್ಲ. ಆದರೆ ಅವನು ಕಾಯುವುದು ದೇವದುರ್ಗದ ಬೇರೆಯವರ ಕುರಿಗಳನ್ನು. ಅಳಿದುಳಿದವನ್ನೂ ಹೊಟ್ಟೆಪಾಡಿಗೆ ಮಾರಿದ ಮೇಲೆ ಬೂದೆಮ್ಮನಿಗೆ ತನ್ನದೆನ್ನಲು ಒಂದು ಮರಿಯೂ ಇಲ್ಲ.