ಉಗ್ರಾಣದಲ್ಲಿ ಅತ್ತೆಯ ಕುರ್ಚಿ

ನಮ್ಮತ್ತೆ ನಜ್ಲಾ ಹುಟ್ಟಿದ ಮನೆ, ಹೈಫಾದಲ್ಲಿ ನಾವಿರುವ ಬಾಡಿಗೆ ಮನೆಯಿಂದ ಕೂಗಳತೆಯಲ್ಲೇ ಇದೆ. ಯೆಹೂದಿಗಳಿಗೂ ನಮ್ಮ ಅರಬ್ಬರಿಗೂ ನಡೆದ ನಲವತ್ತೆಂಟರ ಯುದ್ಧದಲ್ಲಿ ಬಿಟ್ಟು ಓಡಿದ್ದು. ಮರಳಿ ಬರುವಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಈಗ ಅಲ್ಲಿರುವವನು ಮದ್ಯದಂಗಡಿಯ ಯೆಹೂದಿ ಸಾಸೋನ್. ಅವನ ಅಪ್ಪನೂ ಬಾಗ್ದಾದಿನಲ್ಲಿ ಮನೆಗೆ ಬೀಗ ಹಾಕಿ ಬಂದವನೇ. ನಮ್ಮ ಹತ್ತಿರ ಉಪ್ಪಿನಕಾಯಿ ಕೊಳ್ಳುತ್ತಾನೆ, ಅರಬ್ಬಿಯಲ್ಲೇ ಹರಟುತ್ತಾನೆ. ಅತ್ತೆ “ಒಂದ್ಸಲ ಒಳಗೆ ಬಂದು ನೋಡ್ಲಾ?” ಎಂದರೆ ಮಾತ್ರ ಅವನಿಗೆ ಕಿವಿ ಕೇಳಿಸದು. ಒಳಗೆ ಬಂದವಳು ಹೊರಗೆ ಹೋಗದಿದ್ದರೆ ಎಂಬ ಭಯ. ಅತ್ತೆಯನ್ನು ಬಲ್ಲ ನಾನು ಅದನ್ನು ಸುಳ್ಳು ಭಯ ಎನ್ನಲಾರೆ.

ಪಸ್ಕ ಹಬ್ಬದ ವಾರ ಯೆಹೂದಿಗಳು ಹುಳಿ ಬಂದ ಹಿಟ್ಟಿನ ಪದಾರ್ಥ ಇಟ್ಟುಕೊಳ್ಳುವಂತಿಲ್ಲ. ಧಾನ್ಯ ಹುಳಿಸಿ ಮಾಡುವ ವಿಸ್ಕಿ, ಬಿಯರೂ ಅದೇ ಲೆಕ್ಕ. ಎಸೆಯಲು ಮನಸ್ಸಾಗದವರು ಬೇರೆ ಧರ್ಮದವರಿಗೆ ಮಾರಿ, ಹಬ್ಬ ಮುಗಿದ ಮೇಲೆ ವಾಪಸು ಕೊಳ್ಳುತ್ತಾರೆ. ಸಾಸೋನನ ಮಾಲು ಕೊಳ್ಳುತ್ತಿದ್ದ ದ್ರೂಸ್ ಪಂಥದ ಮುದುಕ ಈ ವರ್ಷ ತೀರಿಕೊಂಡಿದ್ದ.

“ವಿದಾದಕ್ಕ, ನೀವ್ ತಗೊಳ್ಳಿ. ಬರೀ ಶಾಸ್ತ್ರಕ್ಕೆ,” ಎಂದು ಸಾಸೋನ್ ನನ್ನ ಬಳಿ ಬಂದ.

“ನಾ ತಗೋತೀನಿ,” ಅಂದರು ಅತ್ತೆ. “ಶಾಸ್ತ್ರ ಅಂದ್ಮೇಲೆ ಶಾಸ್ತ್ರೋಕ್ತವಾಗೇ ಆಗ್ಲಿ.”

ಅವರ ಧರ್ಮಗುರು ರಬ್ಬಿ ಬಂದು ನಿಯಮ ಹೇಳಿದರು: “ಮಾಲಿನ ಜೊತೆ ಅದಿರೋ ಕೋಣೆನೂ ಮಾರ್ಬೇಕು. ಬೀಗದ ಕೈ ಕೊಡ್ಬೇಕು. ಇವ್ರು ಯಾವಾಗ ಬಂದ್ರೂ ತಡೀಬಾರ್ದು. ತಡೆದ್ರೋ, ವ್ಯಾಪಾರ ಸುಳ್ಳು. ಅಷ್ಟೂ ಮಾಲು ಚರಂಡಿಗೆ.”

ಮಾಲಿದ್ದದ್ದು ಸಾಸೋನನ ಮನೆಯ ಉಗ್ರಾಣದಲ್ಲಿ. ಅತ್ತೆ ಒಂದು ಜಾಡಿ ಆಲಿವ್ ಉಪ್ಪಿನಕಾಯಿ ಮುಂಗಡ ಕೊಟ್ಟು, ಕೀಲಿಕೈ ಎದೆಗವಚಿಕೊಂಡರು. ಮಾರನೆಯ ಬೆಳಿಗ್ಗೆ ನನ್ನ ತಲೆಮೇಲೆ ಕುರ್ಚಿ ಹೊರಿಸಿ ಹೊರಟೇಬಿಟ್ಟರು.

ವಾರವಿಡೀ ಅಲ್ಲೇ ಠಿಕಾಣಿ. ಹನಿ ಮುಟ್ಟದ ಮುದುಕಿ ಕೋಣೆ ತುಂಬ ವಿಸ್ಕಿಯ ಒಡತಿ. “ಈ ಮೂಲೇಲಿ ನಮ್ಮಮ್ಮ ಎಣ್ಣೆ ಜಾಡಿ ಇಡ್ತಿದ್ಲು,” ಎಂದು ಗೋಡೆ ಸವರುವರು. ಸಾಸೋನನ ಹೆಂಡತಿ ಮಜಾಲ್ ಹಬ್ಬದ ಹುಳಿಯಿಲ್ಲದ ರೊಟ್ಟಿ ತಂದರೆ, “ರಟ್ಟು ತಿಂದಂಗಿದೆ. ಪಾಪ, ವಾರ ಪೂರ್ತಿ ಇದೇನಾ?” ಎಂದು ಮರುಗುವರು. ಸಾಸೋನ್ ಮಾತ್ರ ಸ್ವಂತ ಮನೆಯಲ್ಲೇ ಕಳ್ಳನಂತೆ ಓಡಾಡುತ್ತಿದ್ದ.

ಹಬ್ಬ ಮುಗಿದ ಸಂಜೆ ರಬ್ಬಿಯನ್ನು ಕರೆದುಕೊಂಡು ಬಂದ. “ನಜ್ಲಮ್ಮ, ವಾಪಸ್ ಮಾರ್ಬಿಡಿ.”

“ಮಾರ್ತೀನಪ್ಪ. ಮೊದ್ಲು ಹೇಳು, ಈ ಕೋಣೆ ಯಾರ್ದು?”

ಸಾಸೋನ್ ರಬ್ಬಿಯ ಮುಖ ನೋಡಿದ. ರಬ್ಬಿ ಸೂರು ನೋಡಿದರು. ನನ್ನದು ಎಂದರೆ ವ್ಯಾಪಾರ ಸುಳ್ಳಾಗಿ ಮಾಲು ಹೋಯಿತು. ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

“ನಿಮ್ದು,” ಎಂದು ಗೊಣಗಿದ.

“ಕೇಳಿಸ್ಲಿಲ್ಲ ಕಣಪ್ಪ.”

ಅವನು ಅತ್ತೆಯನ್ನೇ ನೋಡಿದ. ಆಮೇಲೆ ನಿಧಾನವಾಗಿ, ಬಾಯಿತುಂಬ ಹೇಳಿದ: “ನಿಮ್ದು ನಜ್ಲಮ್ಮ. ಈ ಜಾಗ ನಿಮ್ದು.”

ಈ ಒಂದು ಮಾತಿಗಾಗಿ ಅತ್ತೆ ಜನ್ಮವಿಡೀ ಕಾದಿದ್ದರು. ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡರು. ಸಂತೆಯಲ್ಲಿ ಟೊಮೆಟೊಗೂ ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸು, ತುಟಿಪಿಟಕ್ಕೆನ್ನದೆ ಕೀಲಿಕೈ ಅವನ ಕೈಗಿಟ್ಟರು.

ನಾನು ಕುರ್ಚಿ ಎತ್ತಿಕೊಳ್ಳಲು ಹೋದೆ. ಸಾಸೋನ್ ತಡೆದ.

“ಇಲ್ಲೇ ಇರ್ಲಿ ಬಿಡಕ್ಕ. ಬರೋ ವರ್ಷನೂ ಬೇಕಲ್ಲ.”

ಅತ್ತೆ ಹೊಸ್ತಿಲಲ್ಲಿ ನಿಂತು ತಿರುಗಿ, ಕಣ್ತುಂಬ ಹಜಾರ ನೋಡಿದರು.

“ಹಾಗಿದ್ರೆ ಬರೋ ವರ್ಷ,” ಎಂದರು, “ಈ ಹಜಾರದಲ್ಲೂ ಒಂದೆರಡು ಬಾಟ್ಲಿ ಇಡಪ್ಪ.”