ಕಂಡವನು ಇಟ್ಟ ಹೆಸರು

ದೇವರಿಗೆ ದೇವರನ್ನು ಜೋಡಿಸುವ ಕೆಲಸ ಬೆಳಿಗ್ಗೆಯಿಂದ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ನಬು-ಉಶಲ್ಲಿಮನ ಸೊಂಟ ಹಿಡಿದುಕೊಂಡಿತ್ತು. ಬಾಬಿಲೋನಿನ ಮರ್ದುಕನ ಗುಡಿಗೆ ಚುಕ್ಕಿ ನೋಡಿ ಬರೆಯುವವರಲ್ಲಿ ಅವನೇ ಕೊನೆಯವನು. ಎದುರಿನ ಚಾಪೆಯ ಮೇಲೆ ಅಲೆಕ್ಸಾಂಡ್ರಿಯದ ಗ್ರೀಕ ಥೆರೋನ್. ಎಂಟು ತಿಂಗಳಿಂದ ಮುದುಕನ ಮಣ್ಣಿನ ಹಲಗೆಗಳ ಮೇಲಿನ ಗೀರುಗಳನ್ನು ಓದಲು ಕಲಿತು, ಒಂದೊಂದನ್ನೇ ತನ್ನ ಭಾಷೆಗೆ ಇಳಿಸುತ್ತಿದ್ದ. ನಾಳೆ ಬೆಳಿಗ್ಗೆ ಒಂಟೆಸಾಲು ಹೊರಡುತ್ತದೆ. ಅಷ್ಟರೊಳಗೆ ಇಲ್ಲಿ ದೇವರ ಹೆಸರಿಂದ ಕರೆಯುವ ಐದು ಅಲೆಮಾರಿ ಚುಕ್ಕಿಗಳಿಗೂ, ಅಂದರೆ ಗ್ರಹಗಳಿಗೂ, ಅವನ ಊರಿನವರು ಓದಬಲ್ಲ ಹೆಸರು ಆಗಬೇಕು.

"ಮರ್ದುಕ ನಿಮ್ಮಲ್ಲಿ ದೊಡ್ಡವನು. ನಮ್ಮಲ್ಲಿ ದೊಡ್ಡವನು ಸ್ಯೂಸ್. ಜೋಡಿ ಆಯ್ತಲ್ಲ ಅಜ್ಜ?"

"ನಮ್ಮವನು ಸಮುದ್ರಾನೇ ಸೀಳಿ ಭೂಮಿ ಮಾಡ್ದ. ನಿಮ್ಮವನು ಏನು ಮಾಡ್ತಾನೆ?"

ಥೆರೋನ್ ಕೆಮ್ಮಿದ. "ಗುಡುಗ್ತಾನೆ. ಬಿಡುವಾದಾಗ ಹೆಂಗಸರ ಹಿಂದೆ ಓಡಾಡ್ತಾನೆ."

"ಬಿಡುವು ಬಹಳ ಇದ್ದಂಗಿದೆ. ಸರಿ, ಬರ್ಕೋ."

"ಇಶ್ತಾರ್‌ಗೆ ನಮ್ಮ ಅಫ್ರೊಡೈಟ್."

"ಇಶ್ತಾರ್ ಯುದ್ಧಕ್ಕೆ ಹೋಗೋಳು ಕಣಯ್ಯ."

"ಇವಳು ಪ್ರೀತಿ ಮಾಡಿಸೋಳು."

ಬಾಗಿಲಲ್ಲಿ ಖರ್ಜೂರ ಬಿಡಿಸುತ್ತ ಕೂತಿದ್ದ ಮಗಳು ಇನ್ಸಬ್ತು ತಲೆ ಎತ್ತದೆ ಹೇಳಿದಳು, "ಎರಡೂ ಒಂದೇ ಅಲ್ವಾ? ಅಮ್ಮ ಇದ್ದಾಗ ಈ ಮನೇಲಿ ಎರಡೂ ನಡೀತಿತ್ತು."

ಕೆಂಪು ಚುಕ್ಕಿಗೆ ತಕರಾರು ಬರಲಿಲ್ಲ. ಇಲ್ಲಿ ನೆರ್ಗಲ್, ಅಲ್ಲಿ ಏರಿಸ್. ಇಬ್ಬರಿಗೂ ಕೊಲ್ಲುವುದೇ ಕಸುಬು. ಶನಿಯ ಹತ್ತಿರ ಬಂದಾಗ ಮುದುಕನಿಗೆ ರೇಗಿತು. ನೇಗಿಲು ಹಿಡಿಯಲು ಕಲಿಸಿದ ನಿನುರ್ತನ ಜಾಗದಲ್ಲಿ, ಹೆತ್ತ ಮಕ್ಕಳನ್ನೇ ನುಂಗಿದ ಕ್ರೋನಸ್‌ನನ್ನು ತಂದು ಕೂರಿಸುವುದೆಂದರೇನು?

"ನಿಧಾನ ನಡಿಯೋ ಚುಕ್ಕಿ ಅಜ್ಜ. ನಮ್ಮಲ್ಲಿ ಅಷ್ಟು ವಯಸ್ಸಾದೋರು ಅವನೊಬ್ಬನೇ."

"ವಯಸ್ಸಾದ ತಕ್ಷಣ ಮಕ್ಕಳನ್ನ ನುಂಗ್ತಾರಾ? ನನ್ನ ನೋಡು, ಇವಳು ಬೇಯಿಸಿದ್ದನ್ನ ನುಂಗೋದೇ ಕಷ್ಟ."

"ಹಾಗಾದ್ರೆ ಉಪವಾಸ ಇರಿ," ಎಂದಳು ಇನ್ಸಬ್ತು.

ಶನಿಯನ್ನೂ ಮುದುಕ ಬಿಟ್ಟುಕೊಟ್ಟ. ಬಿಟ್ಟುಕೊಡುವುದು ಈಚೆಗೆ ಅವನಿಗೆ ರೂಢಿಯಾಗಿತ್ತು. ಉಳಿದದ್ದು ನಾವು ಬುಧ ಎನ್ನುವ ಚುಕ್ಕಿ: ಸೂರ್ಯನ ಸೆರಗು ಬಿಡದೆ, ಸಂಜೆ ನಾಲ್ಕು ದಿನ ಮುಖ ತೋರಿಸಿ ಮಾಯವಾಗುವಂಥದು. ಇಲ್ಲಿನವರಿಗೆ ಅವನು ನಬು, ಬರವಣಿಗೆಯ ದೇವರು.

"ಇದೊಂದನ್ನ ಮುಟ್ಟಬೇಡ," ಎಂದ ಮುದುಕ. "ನನ್ನ ಹೆಸರಲ್ಲಿ ಅವನಿದಾನೆ. ನಮ್ಮಪ್ಪನ ಹೆಸರಲ್ಲಿ ಇದ್ದ, ತಾತನ ಹೆಸರಲ್ಲೂ ಇದ್ದ. ನಬು ಅಂತಲೇ ಬರಿ. ಇಲ್ಲದಿದ್ರೆ ಈ ಚುಕ್ಕಿಯ ಹಲಗೆ ಒಂದನ್ನೂ ಕೊಡಲ್ಲ."

"ನಬು ಅಂದ್ರೆ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ ಅಜ್ಜ. ನಮ್ಮ ದೇವರುಗಳ ಓಲೆಕಾರ ಹರ್ಮಿಸ್ ಅಂದ್ರೆ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಹೆಸರನ್ನ ಯಾರೂ ಓದಲ್ಲ. ಓದದೇ ಇದ್ದದ್ದು ಇಲ್ಲೇ ಬಿದ್ದಿದ್ರೂ ಒಂದೇ, ಅಲ್ಲಿ ಬಿದ್ದಿದ್ರೂ ಒಂದೇ."

ಇಲ್ಲಿ ಬಿದ್ದರೆ ಏನಾಗುತ್ತದೆಂದು ಮುದುಕನಿಗೆ ಗೊತ್ತಿತ್ತು. ಚುಕ್ಕಿ ನೋಡುವ ಕೆಲಸ ನಿಲ್ಲಿಸಲು ಗುಡಿಯ ಸಭೆ ತೀರ್ಮಾನಿಸಿಯಾಗಿತ್ತು. ಸಭೆಯ ಹಿರಿಯನ ಮೂಗಿನ ದನಿಯನ್ನು ಅವನು ಮನೆಯಲ್ಲಿ ಹತ್ತು ಸಲವಾದರೂ ಅನುಕರಿಸಿ ತೋರಿಸಿದ್ದ: "'ಚುಕ್ಕಿಗಳು ಎಲ್ಲೂ ಹೋಗೋದಿಲ್ಲ, ತಾವು ಮನೆಗೆ ಹೋಗಬಹುದು.'" ಬರುವ ತಿಂಗಳು ಹಲಗೆಗಳ ಉಗ್ರಾಣ ತೆರವಾಗುತ್ತದೆ. ಮುನ್ನೂರು ವರ್ಷ ಅವನಂಥವರು ದಿನಕ್ಕೊಂದು ಸಾಲಿನಂತೆ ಬರೆದಿಟ್ಟ ಹಲಗೆಗಳು ಯಾರದೋ ಮನೆಯ ನೆಲ ಮಟ್ಟ ಮಾಡಲು ಹೋಗುತ್ತವೆ. ಮಗಳಿಗೆ ಓದು ಬಾರದು, ಮಗನಿಲ್ಲ. ಥೆರೋನ್ ಒಯ್ದದ್ದಷ್ಟೇ ಉಳಿಯುವುದು.

ಗ್ರೀಕ ಮಂಡಿಯ ಮೇಲಿದ್ದ ಹಲಗೆಯೊಂದನ್ನು ತಿರುಗಿಸುತ್ತ ಮೆಲ್ಲಗೆ ಕೇಳಿದ.

"ಅಜ್ಜ, ನಾನು ಬಂದ ನಾಲ್ಕನೇ ತಿಂಗಳಲ್ಲಿ ಮೂರು ದಿನ ಧೂಳುಗಾಳಿ ಬೀಸ್ತು. ನೆನಪಿದೆಯಾ? ಎದುರುಮನೆ ಗೋಡೇನೂ ಕಾಣ್ತಿರಲಿಲ್ಲ. ರೊಟ್ಟಿ ಅಗಿದ್ರೆ ಮರಳು."

"ನೆನಪಿದೆ."

"ಆ ಮೂರು ದಿನಾನೂ ಇಲ್ಲಿ, 'ಸಂಜೆ ನಬು ಕಂಡ, ಬೆಳಕು ಚೆನ್ನಾಗಿತ್ತು' ಅಂತಿದೆ."

ಇನ್ಸಬ್ತುವಿನ ಕೈ ನಿಂತಿತು.

ಚುಕ್ಕಿ ನೋಡುವವರಿಗೆ ಒಂದೇ ಕಟ್ಟಳೆ. ಕಂಡರೆ ಕಂಡೆ ಎನ್ನಬೇಕು. ಮೋಡ ಬಂದರೆ, ಜ್ವರ ಬಂದರೆ, ನಿದ್ದೆಯೇ ಬಂದರೂ 'ನೋಡಲಿಲ್ಲ' ಎಂದು ಬರೆಯಬೇಕು. ಆ ಮುನ್ನೂರು ವರ್ಷದ ಹಲಗೆಗಳಲ್ಲಿ ಸಾವಿರ ಸಲ ಬರುವ ಮಾತು ಅದು. ಅದು ಅಲ್ಲಿರುವುದರಿಂದಲೇ ಉಳಿದದ್ದನ್ನು ನಂಬಬಹುದಾಗಿತ್ತು.

"ಲೆಕ್ಕ ಹಾಕಿ ಬರೆದೆ," ಎಂದ ಮುದುಕ. "ಲೆಕ್ಕ ತಪ್ಪಿಲ್ಲ. ಅವನು ಅಲ್ಲೇ ಇದ್ದ. ನನಗೇ ಕಾಣಲಿಲ್ಲ. ಎರಡು ವರ್ಷ ಆಯ್ತು. ಹಾವು ಪೊರೆ ಕಳಚ್ತದೆ. ನನ್ನ ಕಣ್ಣಿಂದು ಕಳಚಲಿಲ್ಲ. ನಬು ಬಿಡು, ನಿನ್ನ ಮುಖಾನೂ ಸರಿಯಾಗಿ ಕಾಣಲ್ಲ. ದನಿ ಮೇಲೆ, ಚೆಂದ ಇದೀಯ ಅಂದ್ಕೊಂಡಿದೀನಿ."

"ತಪ್ಪು ಲೆಕ್ಕ," ಎಂದಳು ಇನ್ಸಬ್ತು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ.

"ಯಾಕೆ ಹೇಳಲಿಲ್ಲ ಅಜ್ಜ?"

"ಹೇಳಿದ್ರೆ ಅವತ್ತೇ ಚುಕ್ಕಿ ನೋಡೋ ಮಾಳಿಗೆ ಬಾಗಿಲು ಹಾಕೋರು. ನಾನು ಕೊನೆಯವನು. ನನ್ನ ಕೈಯಲ್ಲಿ ನಿಲ್ಲೋದು ಬೇಡ ಅಂತ..."

ಅವನು ಗೋಡೆ ಸವರುತ್ತ ಗೂಡಿನ ಬಳಿ ಹೋದ. ಬೆರಳ ತುದಿಯಲ್ಲೇ ಓದಿ ನಾಲ್ಕು ಹಲಗೆ ಆರಿಸಿ, ಗ್ರೀಕನ ಮಂಡಿಯ ಮೇಲಿದ್ದುದನ್ನೂ ಇಸಕೊಂಡ. ಒಣಗಿದ ಮಣ್ಣನ್ನು ಅಳಿಸಲಾಗುವುದಿಲ್ಲ. ಅಂಗಳದ ಕಲ್ಲಿನ ಮೇಲೆ ಐದನ್ನೂ ಒಂದೊಂದಾಗಿ ಎತ್ತಿ ಹಾಕಿ ಒಡೆದ. ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಆ ಎರಡು ವರ್ಷಕ್ಕೆ 'ನೋಡಲಿಲ್ಲ' ಅಂತ ಬರ್ಕೋ. ಹಿಂದಿನದನ್ನೆಲ್ಲ ನಂಬು. ಅವರೆಲ್ಲ ಕಣ್ಣಿದ್ದೋರು." ಕೈ ಒರೆಸಿಕೊಂಡು ಹೇಳಿದ, "ಲೆಕ್ಕದ ಪ್ರಕಾರ ಇವತ್ತು ಸಂಜೆ ಅವನು ಮತ್ತೆ ಕಾಣಿಸ್ಬೇಕು. ಮೇಲೆ ಬಾ."

ಹೊರಗಿನವನು ಆ ಮಾಳಿಗೆ ಹತ್ತಿದ್ದು ಅದೇ ಮೊದಲು. ಸೂರ್ಯ ಖರ್ಜೂರದ ಮರಗಳ ಆಚೆ ಮುಳುಗಿದ. ಹಸಿ ಮಣ್ಣಿನ ಹಲಗೆಯನ್ನು ಅಂಗೈಯಲ್ಲಿಟ್ಟುಕೊಂಡು ಮುದುಕ ಪಡುವಣಕ್ಕೆ ಮುಖ ಮಾಡಿ ಕೂತ. ಅವನ ಪಾಲಿಗೆ ಅಲ್ಲಿದ್ದದ್ದು ಕಿತ್ತಳೆ ಬಣ್ಣದ ಗಂಜಿ.

"ಎತ್ತರ ನೋಡಬೇಡ. ಗೋಪುರದ ಎಡಕ್ಕೆ, ನೆಲದಿಂದ ನಾಲ್ಕು ಬೆರಳು."

"ಏನೂ ಇಲ್ಲ."

"ಕಾಯಿ."

ಕಾದರು. ಕೆಳಗೆ ಯಾರೋ ಕತ್ತೆಯನ್ನು ಬೈಯುತ್ತಿದ್ದರು. ಕತ್ತೆಗೆ ಎಷ್ಟು ಮುಟ್ಟಿತೋ.

ಥೆರೋನ್ ಮುಂದಕ್ಕೆ ಬಗ್ಗಿ, ತನಗೇ ಹೇಳಿಕೊಂಡಂತೆ ಪಿಸುಗುಟ್ಟಿದ: "ಹರ್ಮಿಸ್." ತಕ್ಷಣ ನಾಲಿಗೆ ಕಚ್ಚಿಕೊಂಡು, "ನಬು. ನಬು ಕಂಡ ಅಜ್ಜ," ಎಂದ.

"ಬೆಳಕು ಹೆಂಗಿದೆ?"

"ಸಣ್ಣದು. ನಡುಗ್ತಿದೆ."

"ಮೊದಲನೇ ದಿನ ಹಾಗೇ ನಡುಗೋದು. ಅವನೇ." ಮುದುಕ ಜೊಂಡಿನ ಕಡ್ಡಿ ಎತ್ತಿಕೊಂಡ. ಕಣ್ಣಿಲ್ಲದಿದ್ದರೂ ಕೈ ಮರೆತಿರಲಿಲ್ಲ. ಒತ್ತುತ್ತ ಒತ್ತುತ್ತ ಬಾಯಲ್ಲೂ ಹೇಳಿಕೊಂಡ: "ಸಂಜೆ, ಪಡುವಣದಲ್ಲಿ, ನಬು. ಉಶಲ್ಲಿಮ್ ನೋಡಲಿಲ್ಲ. ಥೆರೋನ್ ನೋಡಿದ. ಹರ್ಮಿಸ್ ಎಂದ."

"ಅಜ್ಜ, ನಾನು ನಬು ಅಂತಲೇ ಬರೀತೀನಿ."

"ಬೇಡ. ಕಾಣದವನು ಹೆಸರಿಗೆ ಜಗಳ ಆಡಬಾರದು. ಕಂಡವನು ಕರೀಲಿ. ಈ ಚುಕ್ಕಿಯ ಹಲಗೆಗಳನ್ನೂ ಕಟ್ಕೋ."

ಥೆರೋನ್ ಪಡುವಣವನ್ನೇ ನೋಡುತ್ತ ಹೇಳಿದ, "ನಮ್ಮ ಹೆಸರೂ ಉಳಿಯೋದು ಅನುಮಾನ. ರೋಮಿನವರು ಎಲ್ಲಾ ಕಡೆ ಬರ್ತಿದಾರೆ. ಅವರು ಹರ್ಮಿಸ್‌ನ ಮರ್ಕ್ಯುರಿ ಅಂತಾರೆ."

"ಅವರಿಗೆ ಕಾಣಿಸ್ತಾನಾ?"

"ಕಾಣಿಸ್ತಾನೆ."

"ಹಾಗಾದ್ರೆ ಅನ್ನಲಿ ಬಿಡು."

ಮುದುಕ ಹಲಗೆಯನ್ನು ಗ್ರೀಕನ ಕೈಗಿಟ್ಟು, ಮೆಟ್ಟಿಲ ಕಡೆ ತಿರುಗಿದ. ಎರಡು ವರ್ಷ ಆ ಮೆಟ್ಟಿಲುಗಳನ್ನು ಗುಟ್ಟಾಗಿ ಎಣಿಸಿಕೊಂಡೇ ಇಳಿದಿದ್ದ. ಈಗ ಎಣಿಸಲಿಲ್ಲ. ಕೈ ಚಾಚಿ, "ಇನ್ಸಬ್ತೂ, ಹಿಡ್ಕೊಳಮ್ಮ," ಎಂದ.